ಫಲಕದ ಮೇಲಿನ ಚಿಕ್ಕ ಸಂಖ್ಯೆ: ಕಡಿಮೆ ಪಣದ ಪೋಕರ್ ಟೇಬಲ್ ಆರಿಸುವ ಬಗೆ

ಕಾರ್ಡ್ ರೂಮಿನ ಬಾಗಿಲು ದಾಟಿದೊಡನೆ ಎದುರಾಗುವುದು ಒಂದು ಫಲಕ. ಅದರ ಮೇಲೆ ಪೋಕರ್‌ನ ಬಗೆಗಳು, ಪಕ್ಕದಲ್ಲಿ ಅವುಗಳ ಪಣ: ಹೋಲ್ಡೆಮ್ 1-2, ಹೋಲ್ಡೆಮ್ 2-5, ಲಿಮಿಟ್ 4-8, ಒಮಾಹಾ 1-2, ಸಂಜೆ ಏಳಕ್ಕೆ ಟೂರ್ನಿ. ಹೊಸಬರ ಕಣ್ಣು ನೇರವಾಗಿ ಅತಿ ಚಿಕ್ಕ ಸಂಖ್ಯೆಯ ಮೇಲೆ ಹೋಗಿ ನಿಲ್ಲುತ್ತದೆ. ನನ್ನ ಕಣ್ಣೂ ಅಲ್ಲಿಯೇ ನಿಂತಿತ್ತು. ಎಲ್ಲಕ್ಕಿಂತ ಅಗ್ಗದ್ದು 1-2, ಕಲಿಯುವವನಿಗೆ ಅದೇ ಸರಿ ಎಂದುಕೊಂಡು ಬಹಳ ದಿನ ಅಲ್ಲಿಯೇ ಕುಳಿತೆ. ದೊಡ್ಡ ಸೋಲು ಒಂದೂ ಇರಲಿಲ್ಲ. ಆದರೂ ತಿಂಗಳ ಕೊನೆಗೆ ಲೆಕ್ಕ ಹಾಕಿದರೆ ಕೈ ಖಾಲಿ. ಯಾರಿಗೆ ಸೋತೆ ಎಂದು ನೆನಪಿಸಿಕೊಳ್ಳಲು ಹೊರಟರೆ ಒಂದು ಮುಖವೂ ಹೊಳೆಯುತ್ತಿರಲಿಲ್ಲ. ಹೊಳೆಯುವುದಾದರೂ ಹೇಗೆ? ಆ ಹಣದ ಬಹುಪಾಲು ಎದುರಾಳಿಗಳ ಕೈ ಸೇರಿರಲಿಲ್ಲ, ಡೀಲರ್‌ನ ಪಕ್ಕದಲ್ಲಿದ್ದ ಕಿಂಡಿಯೊಳಗೆ ಬಿದ್ದಿತ್ತು.

ಆದ್ದರಿಂದ ಹೋಲಿಕೆಯನ್ನು ಆ ಕಿಂಡಿಯಿಂದಲೇ ಆರಂಭಿಸುತ್ತೇನೆ. ಇಲ್ಲಿನ ಸಂಖ್ಯೆಗಳೆಲ್ಲ ಬರಿಯ ಮೂಲಮಾನಗಳು. ನಿಮ್ಮಲ್ಲಿ ನಡೆಯುವ ಹಣದ ಹೆಸರನ್ನು ನೀವೇ ಸೇರಿಸಿಕೊಳ್ಳಿ. ಹಣವಿಟ್ಟು ಆಡುವುದಕ್ಕೆ ನೀವಿರುವ ಊರಿನ ಕಾನೂನು ಒಪ್ಪುತ್ತದೆಯೇ ಎಂಬುದನ್ನು ಮೊದಲೇ ತಿಳಿದುಕೊಂಡಿರಬೇಕು. ಸೋತರೆ ಮನೆಯ ಲೆಕ್ಕ ಏರುಪೇರಾಗುವ ಹಣವಾದರೆ ಮುಂದಿನ ಮಾತುಗಳು ಯಾವುವೂ ನಿಮಗೆ ಅನ್ವಯಿಸುವುದಿಲ್ಲ.

ಕಿಂಡಿಯೊಳಗೆ ಬೀಳುವ ಹಣ

ಒಂದು ಹಂಚಿಕೆಯಲ್ಲಿ ಎಲ್ಲರೂ ಇಟ್ಟ ಪಣದ ರಾಶಿಯೇ ಪಾಟ್. ಪ್ರತಿ ಪಾಟ್‌ನಿಂದ ಆಟ ನಡೆಸುವವರು ತೆಗೆದುಕೊಳ್ಳುವ ಪಾಲಿಗೆ ರೇಕ್ ಎನ್ನುತ್ತಾರೆ. ಪಾಟ್‌ನ ಶೇಕಡಾ 10, ಆದರೆ ಇಷ್ಟಕ್ಕಿಂತ ಹೆಚ್ಚಿಲ್ಲ ಎಂಬ ಮಿತಿ, ಇದು ಸಾಮಾನ್ಯವಾಗಿ ಕಾಣುವ ಏರ್ಪಾಡು. ಕೆಲವು ಕಡೆ ಇದರ ಜೊತೆಗೆ ಜಾಕ್‌ಪಾಟ್ ನಿಧಿಗೆಂದು ಇನ್ನೊಂದು ಚಿಪ್ ತೆಗೆಯುತ್ತಾರೆ. ನಾಲ್ಕು ಒಂದೇ ಅಂಕಿಯ ಎಲೆಗಳನ್ನು ಹಿಡಿದೂ ಸೋತ ದುರದೃಷ್ಟವಂತನಿಗೆ ಆ ನಿಧಿಯಿಂದ ದೊಡ್ಡ ಮೊತ್ತ ಸಿಗುತ್ತದೆ ಎಂಬುದು ನಿಜ. ಆದರೆ ಆ ದುರದೃಷ್ಟ ನಿಮಗೇ ಒಲಿಯುತ್ತದೆ ಎಂದು ಕಾಯುತ್ತಾ ಪ್ರತಿ ಪಾಟ್‌ಗೂ ಒಂದು ಚಿಪ್ ಕೊಡುವುದು ಹುಣ್ಣಿಮೆ ರಾತ್ರಿಯಲ್ಲಿ ಕೊಡೆ ಹಿಡಿದು ಮಳೆಗೆ ಕಾದಂತೆ.

ಈಗ ಒಂದು ಲೆಕ್ಕ. ಡೀಲರ್ ಎದುರಿಗೆ ಕುಳಿತು ಎಲೆ ಹಂಚುವ ಆಟದಲ್ಲಿ ಗಂಟೆಗೆ ಸುಮಾರು 30 ಸಲ ಹಂಚಿಕೆ ನಡೆಯುತ್ತದೆ. ಮಿತಿ 5 ಇದ್ದು, ಒಂದು ಹಂಚಿಕೆಗೆ ಸರಾಸರಿ 4 ಕಿಂಡಿಗೆ ಬೀಳುತ್ತದೆ ಎಂದುಕೊಳ್ಳೋಣ. ಗಂಟೆಗೆ 120 ಟೇಬಲ್ಲಿನಿಂದ ಮಾಯವಾಯಿತು. ಒಂಬತ್ತು ಜನ ಕುಳಿತಿದ್ದರೆ ತಲೆಗೆ 13ಕ್ಕಿಂತ ಸ್ವಲ್ಪ ಹೆಚ್ಚು. 1-2 ಆಟದಲ್ಲಿ ಎಲೆ ನೋಡುವ ಮೊದಲೇ ಇಬ್ಬರು ಕಡ್ಡಾಯವಾಗಿ ಇಡುವ 1 ಮತ್ತು 2ಕ್ಕೆ ಚಿಕ್ಕ ಬ್ಲೈಂಡ್, ದೊಡ್ಡ ಬ್ಲೈಂಡ್ ಎನ್ನುತ್ತಾರೆ; ಆ ಅಳತೆಯಲ್ಲಿ ಇದು ಆರೂವರೆ ದೊಡ್ಡ ಬ್ಲೈಂಡ್‌ಗಿಂತ ಮೇಲು. 200 ಹಿಡಿದು ಕುಳಿತವನು ಐದು ಗಂಟೆ ಆಡಿದರೆ ಸುಮಾರು 66, ಅಂದರೆ ತಂದದ್ದರಲ್ಲಿ ಮೂರನೆಯ ಒಂದು ಭಾಗ, ಯಾರೂ ಗೆಲ್ಲದೆಯೇ ಹೋಗಿರುತ್ತದೆ. ಹನಿ ಹನಿ ಕೂಡಿ ಹಳ್ಳ ಎನ್ನುವುದು ಉಳಿತಾಯಕ್ಕಷ್ಟೇ ಅಲ್ಲ, ಸೋರಿಕೆಗೂ ಸಲ್ಲುವ ಮಾತು.

ಪಕ್ಕದ 2-5 ಟೇಬಲ್ಲಿನಲ್ಲಿಯೂ ಮಿತಿ ಅದೇ 5 ಆಗಿರುವುದುಂಟು. ಅಲ್ಲಿ ಪಾಟ್‌ಗಳು ದೊಡ್ಡವಾದ್ದರಿಂದ ಸರಾಸರಿ ನಾಲ್ಕೂವರೆ ಬೀಳಲಿ; ತಲೆಗೆ ಗಂಟೆಗೆ 15 ಆಗುತ್ತದೆ. ಆದರೆ ಆ ಆಟದ ಅಳತೆಯಲ್ಲಿ ಅದು ಬರೀ ಮೂರು ದೊಡ್ಡ ಬ್ಲೈಂಡ್. ಆಟದ ಗಾತ್ರಕ್ಕೆ ಹೋಲಿಸಿದರೆ ಚಿಕ್ಕ ಟೇಬಲ್ಲಿನವರು ಎರಡು ಪಟ್ಟಿಗಿಂತ ಹೆಚ್ಚು ತೆರುತ್ತಿದ್ದಾರೆ. ಅತಿ ಚಿಕ್ಕ ಆಟವೇ ಗೆಲ್ಲಲು ಅತಿ ಕಷ್ಟದ ಆಟವಾಗುವುದು ಹೀಗೆ.

ಇದನ್ನು ಓದಿ 2-5ಕ್ಕೆ ಹಾರಿಬಿಡಬೇಡಿ. ಅಲ್ಲಿ ಕೂರಲು 500 ಬೇಕು, ಎದುರಿಗಿರುವವರಲ್ಲಿ ಆಟ ಬಲ್ಲವರು ಹೆಚ್ಚು, ಒಂದು ತಪ್ಪಿನ ಬೆಲೆಯೂ ಹೆಚ್ಚು. ನನ್ನ ಸಲಹೆ ಬೇರೆ. ಒಂದೇ ಪಣದ ಎರಡು ಕಾರ್ಡ್ ರೂಮ್‌ಗಳು ಕೈಗೆಟಕುವಂತಿದ್ದರೆ ಅಲಂಕಾರ, ಕುರ್ಚಿ, ತಿಂಡಿ ನೋಡುವ ಮೊದಲು ರೇಕ್ ಕೇಳಿ. ಮಿತಿ ಎಷ್ಟು, ಜಾಕ್‌ಪಾಟ್‌ಗೆ ಬೇರೆ ತೆಗೆಯುತ್ತಾರೆಯೇ, ಮಧ್ಯದಲ್ಲಿ ಎಲ್ಲರಿಗೂ ಸೇರಿದಂತೆ ತೆರೆದಿಡುವ ಮೊದಲ ಮೂರು ಎಲೆಗಳು, ಅಂದರೆ ಫ್ಲಾಪ್, ಬೀಳದೆ ಮುಗಿದ ಹಂಚಿಕೆಗೂ ತೆಗೆಯುತ್ತಾರೆಯೇ? ಫ್ಲಾಪ್ ಇಲ್ಲದಿದ್ದರೆ ರೇಕ್ ಇಲ್ಲ ಎಂಬ ನಿಯಮ ಇರುವ ಕಡೆ ಆಡುವುದು ಮೇಲು. ರೇಕಿನ ವಿವರವನ್ನು ಬರೆದು ತೂಗುಹಾಕದ, ಕೇಳಿದರೆ ಹಾರಿಕೆಯ ಉತ್ತರ ಕೊಡುವ ಜಾಗದಲ್ಲಿ ಕೂರಲೇಬೇಡಿ.

ಪಾಟ್‌ನಿಂದ ತೆಗೆಯುವ ಬದಲು ಅರ್ಧ ಗಂಟೆಗೆ ಇಷ್ಟು ಎಂದು ಎಲ್ಲರಿಂದಲೂ ಸಮನಾಗಿ ವಸೂಲು ಮಾಡುವ ಪದ್ಧತಿಯೂ ಇದೆ, ಹೆಚ್ಚಾಗಿ ದೊಡ್ಡ ಪಣದ ಟೇಬಲ್ಲುಗಳಲ್ಲಿ. ರೇಕ್ ಇದ್ದಾಗ ಪಾಟ್ ಗೆದ್ದವನು ಕೊಡುತ್ತಾನೆ. ಹಾಗಾಗಿ ಕಡಿಮೆ ಕೈಗಳನ್ನು ಆಡುವ ಎಚ್ಚರಿಕೆಯವನಿಗೆ ಅದು ಅಗ್ಗ. ಗಂಟೆಯ ಲೆಕ್ಕವಾದರೆ ಸುಮ್ಮನೆ ಕುಳಿತವನೂ ಅಷ್ಟೇ ತೆರಬೇಕು.

ಲಿಮಿಟ್ ಅಥವಾ ನೋ-ಲಿಮಿಟ್

ಫಲಕದ ಸಂಖ್ಯೆಗಳು ಹೆಚ್ಚು ಜನರನ್ನು ದಾರಿ ತಪ್ಪಿಸುವುದು ಇಲ್ಲಿ. 4-8 ಎಂಬುದು 1-2ರ ನಾಲ್ಕು ಪಟ್ಟು ದೊಡ್ಡದು ಎಂದುಕೊಳ್ಳುವವರನ್ನು ನಾನು ಅನೇಕ ಸಲ ಕಂಡಿದ್ದೇನೆ. ಎರಡೂ ಸಂಖ್ಯೆಗಳ ಅರ್ಥವೇ ಬೇರೆ. ಫಲಕದ ಹೋಲ್ಡೆಮ್ 1-2 ನೋ-ಲಿಮಿಟ್ ಆಟ; ಅದರಲ್ಲಿ 1 ಮತ್ತು 2 ಎಂಬುವು ಕಡ್ಡಾಯವಾಗಿ ಇಡುವ ಬ್ಲೈಂಡ್‌ಗಳು. ಅದರಾಚೆ ಟೇಬಲ್ ಮೇಲಿರುವ ಎಲ್ಲವನ್ನೂ ಯಾವ ಕ್ಷಣದಲ್ಲಾದರೂ ಮುಂದೆ ತಳ್ಳಬಹುದು. ಲಿಮಿಟ್‌ನಲ್ಲಿ 4 ಮತ್ತು 8 ಎಂಬುವು ಪಣದ ಅಳತೆಗಳು: ಫ್ಲಾಪ್ ಮುಗಿಯುವವರೆಗೆ ನಾಲ್ಕು ನಾಲ್ಕಾಗಿ, ಮಧ್ಯದ ನಾಲ್ಕನೆಯ, ಐದನೆಯ ಎಲೆಗಳಾದ ಟರ್ನ್ ಮತ್ತು ರಿವರ್‌ನಲ್ಲಿ ಎಂಟು ಎಂಟಾಗಿ ಮಾತ್ರ ಏರಿಸಬಹುದು. ಬ್ಲೈಂಡ್‌ಗಳು ಸಾಮಾನ್ಯವಾಗಿ 2 ಮತ್ತು 4.

ಒಂದು ಸುತ್ತಿನಲ್ಲಿ ಒಂದು ಪಣ, ಮೂರು ಏರಿಕೆ, ಅಷ್ಟಕ್ಕೆ ನಿಲ್ಲಬೇಕು ಎಂಬ ನಿಯಮವಿದ್ದರೆ ಒಂದು ಹಂಚಿಕೆಯಲ್ಲಿ ಹೆಚ್ಚೆಂದರೆ ಎಷ್ಟು ಹೋಗುತ್ತದೆ? 16, 16, 32, 32; ಒಟ್ಟು 96. ಅದೂ ಎಲ್ಲ ಸುತ್ತುಗಳಲ್ಲಿಯೂ ಪಟ್ಟುಹಿಡಿದು ಏರಿಸಿದರೆ. 1-2 ನೋ-ಲಿಮಿಟ್‌ನಲ್ಲಿ 200 ಇಟ್ಟುಕೊಂಡು ಕುಳಿತವನು ಮೊದಲ ಹತ್ತು ನಿಮಿಷದಲ್ಲಿಯೇ, ಒಂದೇ ಕೈಯಲ್ಲಿ, ಇಡೀ 200 ಕಳೆದುಕೊಂಡು ಎದ್ದು ಹೋಗಬಹುದು. ಹಾಗೆಂದು ಲಿಮಿಟ್ ಸುರಕ್ಷಿತ ಎಂದೇನೂ ಅಲ್ಲ. ಅಲ್ಲಿ ಹಣ ಹೋಗುವುದು ನಿಧಾನ, ಅಷ್ಟೆ. ಎಲೆ ಬಾರದ ಸಂಜೆಯಲ್ಲಿ 25-30 ದೊಡ್ಡ ಪಣ ಸೋಲುವುದು ಅಪರೂಪವಲ್ಲ. 4-8ರಲ್ಲಿ ಅದು 200ರಿಂದ 240. ಲಿಮಿಟ್‌ನಲ್ಲಿ ಸೋಲು ಜ್ವರದಂತೆ ಮೆಲ್ಲಗೆ ಏರುತ್ತದೆ, ನೋ-ಲಿಮಿಟ್‌ನಲ್ಲಿ ಸಿಡಿಲಿನಂತೆ ಹೊಡೆಯುತ್ತದೆ. ಯಾವುದನ್ನು ತಡೆದುಕೊಳ್ಳುವ ಸ್ವಭಾವ ನಿಮ್ಮದು ಎಂದು ನಿಮಗೇ ಗೊತ್ತಿರಬೇಕು.

ಆಡುವ ವಿಧಾನವೂ ತಲೆಕೆಳಗಾಗುತ್ತದೆ. ನಿಮ್ಮ ಕೈಯಲ್ಲಿ ಎರಡು ಆಟೀನು ಎಲೆಗಳಿವೆ, ಫ್ಲಾಪ್‌ನಲ್ಲಿ ಇನ್ನೆರಡು ಬಿದ್ದಿವೆ ಎಂದುಕೊಳ್ಳಿ. ಇನ್ನೊಂದು ಬಂದರೆ ಐದೂ ಒಂದೇ ಜಾತಿಯ ಎಲೆಗಳು, ಅಂದರೆ ಫ್ಲಶ್. ಕಾಣದ 47 ಎಲೆಗಳಲ್ಲಿ 9 ನಿಮಗೆ ಬೇಕಾದವು. ಮುಂದಿನ ಎಲೆಯಲ್ಲಿ ಅದು ಬರುವ ಸಾಧ್ಯತೆ ಶೇಕಡಾ 19ರಷ್ಟು, ಅಂದರೆ ಒಂದಕ್ಕೆ ನಾಲ್ಕಕ್ಕಿಂತ ಸ್ವಲ್ಪ ಹೆಚ್ಚು ಪ್ರತಿಕೂಲ. 4-8 ಟೇಬಲ್ಲಿನಲ್ಲಿ ಐವರು ಒಳಗೆ ಬಂದಿದ್ದಾರೆ, ಪಾಟ್ 20. ಒಬ್ಬರು 4 ಇಟ್ಟರು, ಇಬ್ಬರು ಅಷ್ಟೇ ಇಟ್ಟು ಕಾಲ್ ಮಾಡಿದರು, ಪಾಟ್ 32 ಆಯಿತು. ನೀವು 4 ಕೊಟ್ಟು 32ಕ್ಕೆ ಆಡುತ್ತೀರಿ: ಒಂದಕ್ಕೆ ಎಂಟು. ಕಣ್ಣುಮುಚ್ಚಿ ಕಾಲ್ ಮಾಡಬಹುದು. ಅದೇ 20ರ ಪಾಟ್‌ಗೆ ನೋ-ಲಿಮಿಟ್‌ನಲ್ಲಿ ಒಬ್ಬರು 20 ಇಟ್ಟು ಉಳಿದವರು ಬಿಟ್ಟರೆ, ನೀವು 20 ಕೊಟ್ಟು 40ಕ್ಕೆ ಆಡಬೇಕು: ಒಂದಕ್ಕೆ ಎರಡು. ಮುಂದಿನ ಸುತ್ತುಗಳಲ್ಲಿ ಎದುರಾಳಿಯಿಂದ ಇನ್ನಷ್ಟು ಬರುತ್ತದೆ ಎಂಬ ಭರವಸೆ ಇಲ್ಲದಿದ್ದರೆ ಅದು ನಷ್ಟದ ವ್ಯಾಪಾರ. ಎಲೆಗಳು ಅವೇ, ನಿರ್ಧಾರ ಬೇರೆ.

ಇದರಿಂದ ಒಂದು ಪರಿಣಾಮ ಹುಟ್ಟುತ್ತದೆ. ಕಡಿಮೆ ಪಣದ ಲಿಮಿಟ್ ಆಟದಲ್ಲಿ ಯಾರೂ ಎಲೆ ಬಿಡುವುದಿಲ್ಲ. ಬಿಡುವುದಕ್ಕೆ ಕಾರಣವೂ ಇಲ್ಲ. ಬ್ಲಫ್ ಮಾಡಿ ಓಡಿಸುತ್ತೇನೆ ಎಂದು ಹೊರಟವನು ಕಲ್ಲಿಗೆ ತಲೆ ಚಚ್ಚಿಕೊಳ್ಳುತ್ತಾನೆ. ಒಳ್ಳೆಯ ಎಲೆಗೆ ಕಾದು, ಬಂದಾಗ ಪೂರ್ತಿ ಬೆಲೆ ವಸೂಲು ಮಾಡುವ ತಾಳ್ಮೆ ಇದ್ದವರಿಗೆ ಅದು ಹಿತವಾದ ಆಟ. ಮಾತುಕತೆ ಹೆಚ್ಚು, ಉದ್ವೇಗ ಕಡಿಮೆ, ವಯಸ್ಸಾದವರು ಸಂಜೆ ಕಳೆಯಲು ಬಂದು ಕೂರುವ ಟೇಬಲ್ಲು ಸಾಮಾನ್ಯವಾಗಿ ಇದೇ. ಎದುರಾಳಿಯ ಮುಖ, ಪಣದ ಗಾತ್ರ, ಒಂದು ಕ್ಷಣದ ಹಿಂಜರಿಕೆ, ಇವುಗಳನ್ನು ಓದುವ ಹುಚ್ಚಿರುವವರು ಅಲ್ಲಿ ಅರ್ಧ ಗಂಟೆಯಲ್ಲಿ ಆಕಳಿಸುತ್ತಾರೆ. ಅವರ ಜಾಗ ನೋ-ಲಿಮಿಟ್. ಒಂದು ತೊಡಕಿದೆ: ಲಿಮಿಟ್‌ನಲ್ಲಿ ಸಣ್ಣ ಸಣ್ಣ ಲಾಭವನ್ನು ಕೂಡಿಸುತ್ತಾ ಹೋಗಬೇಕಾದ್ದರಿಂದ ರೇಕಿನ ಏಟು ಇನ್ನೂ ಜೋರಾಗಿ ತಾಗುತ್ತದೆ. 4-8ಕ್ಕಿಂತ ಕೆಳಗಿನ ಲಿಮಿಟ್ ಆಟಗಳನ್ನು ಗೆಲ್ಲಲೆಂದು ಆಡಬೇಡಿ, ಕಲಿಯಲೆಂದು ಆಡಿ.

ಲಿಮಿಟ್ ಟೇಬಲ್ಲಿನಲ್ಲಿ ಕಿಲ್ ಎಂಬ ಒಂದು ಪದ್ಧತಿ ಇದೆಯೇ ಎಂದು ಕೇಳಿ. ಸತತ ಎರಡು ಪಾಟ್ ಗೆದ್ದವನಿದ್ದರೆ ಮುಂದಿನ ಹಂಚಿಕೆಯ ಪಣ ಒಂದೂವರೆ ಪಟ್ಟು ಅಥವಾ ಎರಡು ಪಟ್ಟು ಆಗುತ್ತದೆ. 4-8 ಎಂದು ಕುಳಿತವರು ಆಗಾಗ 8-16 ಆಡುತ್ತಿರುತ್ತಾರೆ. ನೋ-ಲಿಮಿಟ್‌ನಲ್ಲಿ ಇದಕ್ಕೆ ಸಮನಾದದ್ದು ಸ್ಟ್ರಾಡಲ್: ಎಲೆ ನೋಡುವ ಮೊದಲೇ ಒಬ್ಬರು ದೊಡ್ಡ ಬ್ಲೈಂಡಿನ ಎರಡರಷ್ಟು ಇಡುತ್ತಾರೆ. ಪ್ರತಿ ಹಂಚಿಕೆಯಲ್ಲಿಯೂ ಯಾರಾದರೊಬ್ಬರು 4 ಇಡುತ್ತಿದ್ದರೆ ಅದು 1-2 ಆಟವಲ್ಲ, 2-4 ಆಟ. ನಿಮ್ಮ ಮುಂದಿರುವ 200 ನೂರು ಬ್ಲೈಂಡ್ ಅಲ್ಲ, ಐವತ್ತು. ಫಲಕ ಇದನ್ನು ಹೇಳುವುದಿಲ್ಲ.

ಎಷ್ಟು ಹಿಡಿದು ಕೂರಬೇಕು ಎಂಬ ಪ್ರಶ್ನೆಗೆ ಒಂದೇ ಮಾತು. ನೋ-ಲಿಮಿಟ್‌ನಲ್ಲಿ ಹೊಸಬರು ಗರಿಷ್ಠ ಮೊತ್ತಕ್ಕೆ ಕೂರುವ ಅಗತ್ಯವಿಲ್ಲ. ನಿಮ್ಮ ಮುಂದಿರುವುದಕ್ಕಿಂತ ಒಂದು ಚಿಪ್ಪನ್ನೂ ಹೆಚ್ಚು ಸೋಲುವಂತಿಲ್ಲ, ಆಟದ ನಡುವೆ ಜೇಬಿನಿಂದ ತೆಗೆಯುವಂತೆಯೂ ಇಲ್ಲ. 40-50 ದೊಡ್ಡ ಬ್ಲೈಂಡ್ ಇದ್ದರೆ ರಿವರ್‌ನಲ್ಲಿ ಬರುವ ಕಷ್ಟದ ನಿರ್ಧಾರಗಳು ತಾವಾಗಿಯೇ ಕಡಿಮೆಯಾಗುತ್ತವೆ. ಕಡಿಮೆ ಚಿಪ್ಸ್ ಇಟ್ಟುಕೊಂಡವನನ್ನು ಹಳಬರು ಸ್ವಲ್ಪ ತಾತ್ಸಾರದಿಂದ ನೋಡಬಹುದು. ನೋಡಲಿ ಬಿಡಿ.

ಒಮಾಹಾ: ನಾಲ್ಕು ಎಲೆಗಳ ಆಮಿಷ

ಹೋಲ್ಡೆಮ್‌ನಲ್ಲಿ ಎರಡು ಎಲೆ, ಇಲ್ಲಿ ನಾಲ್ಕು. ಕೈಯಿಂದ ಸರಿಯಾಗಿ ಎರಡನ್ನು, ಮಧ್ಯದಿಂದ ಮೂರನ್ನು ತೆಗೆದುಕೊಳ್ಳಬೇಕು. ಈ ನಿಯಮ ಬಾಯಿಪಾಠವಾಗಿದ್ದರೂ ಹೊಸಬರು ತಪ್ಪುತ್ತಾರೆ: ಮಧ್ಯದಲ್ಲಿ ನಾಲ್ಕು ಆಟೀನು ಬಿದ್ದಿವೆ, ಕೈಯಲ್ಲಿ ಆಟೀನು ಎಕ್ಕವೊಂದೇ ಇದೆ; ಹೋಲ್ಡೆಮ್‌ನಲ್ಲಿ ಇದು ಅತಿ ದೊಡ್ಡ ಫ್ಲಶ್, ಒಮಾಹಾದಲ್ಲಿ ಏನೂ ಅಲ್ಲ. ನಾಲ್ಕು ಎಲೆಗಳಿಂದ ಆರು ಜೋಡಿಗಳಾಗುವುದರಿಂದ ಎಲ್ಲರ ಕೈಯೂ ಆಡುವಂತೆ ಕಾಣುತ್ತದೆ. ಹೋಲ್ಡೆಮ್‌ನಲ್ಲಿ ಎರಡು ಎಕ್ಕ ಹಿಡಿದವನು ಎರಡು ರಾಜ ಹಿಡಿದವನ ಎದುರು ನೂರಕ್ಕೆ ಸುಮಾರು 82 ಸಲ ಗೆಲ್ಲುತ್ತಾನೆ. ಒಮಾಹಾದಲ್ಲಿ ಎರಡು ಎಕ್ಕಗಳಿರುವ ಕೈ, ಚೆನ್ನಾಗಿ ಹೊಂದಿಕೊಂಡ ನಾಲ್ಕು ಎಲೆಗಳ ಎದುರು 60-40ರ ಆಸುಪಾಸಿಗೆ ಇಳಿಯುತ್ತದೆ. ಏರಿಳಿತ ಎಷ್ಟಿರಬಹುದು ಎಂದು ನೀವೇ ಊಹಿಸಿ.

ಸಾಮಾನ್ಯವಾಗಿ ಇದನ್ನು ಪಾಟ್-ಲಿಮಿಟ್ ಆಗಿ ಆಡುತ್ತಾರೆ; ಪಾಟ್‌ನಲ್ಲಿರುವಷ್ಟು ಮಾತ್ರ ಏರಿಸಬಹುದು. ‘ಮಿತಿ ಇದೆಯಲ್ಲ’ ಎಂದು ನೆಮ್ಮದಿಪಡುವವರಿಗೆ ಈ ಮೂರು ಸಂಖ್ಯೆಗಳು ಸಾಕು. 1-2 ಆಟದಲ್ಲಿ 2ಕ್ಕೆ ಸರಿಗಟ್ಟಿದಾಗ ಪಾಟ್ 5, ಅದರ ಮೇಲೆ ಇನ್ನು 5; ಹೀಗೆ ಮೊದಲ ಗರಿಷ್ಠ ಏರಿಕೆ 7. ಬ್ಲೈಂಡ್ ಇಟ್ಟ ಇಬ್ಬರೂ ಸೇರಿ ನಾಲ್ವರು ಒಳಗೆ ಬಂದರೆ ಪಾಟ್ 28. ಫ್ಲಾಪ್‌ನಲ್ಲಿ 28 ಇಟ್ಟು ಒಬ್ಬರು ಕಾಲ್ ಮಾಡಿದರೆ ಪಾಟ್ 84. ಟರ್ನ್‌ನಲ್ಲಿ 84. ಏಳು, ಇಪ್ಪತ್ತೆಂಟು, ಎಂಬತ್ತನಾಲ್ಕು: ರಿವರ್ ಬೀಳುವ ಮೊದಲೇ 119 ಹೋಗಿದೆ, ಉಳಿದ 81ಕ್ಕೆ 252ರ ಪಾಟ್ ಬಾಯಿ ತೆರೆದು ನಿಂತಿದೆ. ಅದೇ 1-2 ಹೋಲ್ಡೆಮ್‌ಗೆ ಹೋಲಿಸಿದರೆ ಕನಿಷ್ಠ ಎರಡು ಪಟ್ಟು ಹಣ ತಂದವರು ಮಾತ್ರ ಇಲ್ಲಿ ನೆಮ್ಮದಿಯಿಂದ ಕೂರಬಹುದು ಎಂಬುದು ನನ್ನ ಅಭಿಪ್ರಾಯ. ಫಲಕದ ಮೇಲೆ ಎರಡಕ್ಕೂ ಒಂದೇ ಸಂಖ್ಯೆ ಇರುತ್ತದೆ.

ಪಾಟ್ ಅನ್ನು ಮೇಲಿನ ಕೈ, ಕೆಳಗಿನ ಕೈ ಎಂದು ಇಬ್ಬರಿಗೆ ಹಂಚುವ ಹೈ-ಲೋ ಒಮಾಹಾ ಲಿಮಿಟ್‌ನಲ್ಲಿ ನಡೆಯುವುದುಂಟು. ಅದು ಶಾಂತವಾದ ಆಟ, ಆದರೆ ಗೆದ್ದರೂ ಹೆಚ್ಚಾಗಿ ಅರ್ಧವೇ ಕೈಗೆ. ಇನ್ನೊಬ್ಬನ ಬಳಿಯೂ ಅದೇ ಕೆಳಗಿನ ಕೈ ಇದ್ದರೆ ಕಾಲು ಭಾಗ. ರೇಕ್ ಮಾತ್ರ ಇಡೀ ಪಾಟ್‌ನಿಂದಲೇ ಹೋಗಿರುತ್ತದೆ. ಏಳೆಲೆಯ ಸ್ಟಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ: ತೆರೆದು ಬಿದ್ದು ಹೋದ ಎಲೆಗಳನ್ನು ನೆನಪಿಟ್ಟುಕೊಳ್ಳುವ ಶಕ್ತಿ ಇದ್ದವರಿಗೆ ಅದು ರಸದೂಟ, ಆದರೆ ಫಲಕದ ಮೇಲೆ ಹೆಸರಿದ್ದರೂ ಟೇಬಲ್ ತುಂಬುವುದೇ ಅಪರೂಪ.

ಟೂರ್ನಿಯ ಲೆಕ್ಕ

ನಷ್ಟಕ್ಕೆ ಗೋಡೆ ಕಟ್ಟಿಕೊಂಡು ಆಡಬೇಕೆನ್ನುವವರಿಗೆ ಟೂರ್ನಿ ಚೆನ್ನು. ಪ್ರವೇಶ 50 ಎಂದರೆ 50. ಅದಕ್ಕಿಂತ ಹೆಚ್ಚು ಹೋಗುವುದಿಲ್ಲ. ಆದರೆ ಮತ್ತೆ ಹಣ ಕಟ್ಟಿ ಒಳಗೆ ಬರುವ ರೀಬೈ, ವಿರಾಮದಲ್ಲಿ ಹೆಚ್ಚುವರಿ ಚಿಪ್ಸ್ ಕೊಳ್ಳುವ ಆಡ್-ಆನ್ ಇದ್ದರೆ ಆ ಗೋಡೆಯಲ್ಲಿ ಎರಡು ಬಾಗಿಲುಗಳಿವೆ ಎಂದರ್ಥ. ಎಲ್ಲರೂ ಆಡ್-ಆನ್ ಕೊಳ್ಳುವ ಟೂರ್ನಿಯಲ್ಲಿ ಪ್ರವೇಶ ಶುಲ್ಕವನ್ನು ಅದನ್ನೂ ಕೂಡಿಸಿಯೇ ಲೆಕ್ಕ ಹಾಕಿ.

ಇಲ್ಲಿ ಕಿಂಡಿ ಬಾಗಿಲಲ್ಲಿಯೇ ಇರುತ್ತದೆ. 50ರಲ್ಲಿ 10 ಆಟ ನಡೆಸುವವರಿಗೆ, 40 ಬಹುಮಾನಕ್ಕೆ ಎಂದಿದ್ದರೆ ಐದನೆಯ ಒಂದು ಭಾಗ ಮೊದಲೇ ಹೋಯಿತು. ಪ್ರವೇಶ ಹೆಚ್ಚಾದಂತೆ ಈ ಪಾಲು ಸಾಮಾನ್ಯವಾಗಿ ಇಳಿಯುತ್ತದೆ, ಹಾಗಾಗಿ ಇಲ್ಲಿಯೂ ಅತಿ ಅಗ್ಗದ್ದು ಅತಿ ದುಬಾರಿ. ಆದರೆ ಇದೇ 10ಕ್ಕೆ ನೀವು ನಾಲ್ಕು ಗಂಟೆ ಆಡುವುದಾದರೆ 1-2 ಟೇಬಲ್ಲಿನಲ್ಲಿ ಗಂಟೆಗೆ ತೆರುವ 13ಕ್ಕೆ ಹೋಲಿಸಿದರೆ ಅದು ಬಹಳ ಅಗ್ಗದ ಮನರಂಜನೆ.

ನಾಲ್ಕು ಗಂಟೆ ಆಡುತ್ತೀರಾ ಎಂಬುದು ಬ್ಲೈಂಡ್ ಏರುವ ವೇಗಕ್ಕೆ ಬಿಟ್ಟ ವಿಷಯ. ಹತ್ತು ಸಾವಿರ ಚಿಪ್ಸ್ ಕೊಡುತ್ತೇವೆ ಎಂಬ ಜಾಹೀರಾತಿಗೆ ಮರುಳಾಗಬೇಡಿ. ಆ ಚಿಪ್ಸ್ ಮೊದಲ ದೊಡ್ಡ ಬ್ಲೈಂಡಿನ ಎಷ್ಟು ಪಟ್ಟು, ಎಷ್ಟು ನಿಮಿಷಕ್ಕೊಮ್ಮೆ ಬ್ಲೈಂಡ್ ಏರುತ್ತದೆ, ಈ ಎರಡನ್ನು ಕೇಳಿ. 50-100ರಿಂದ ಆರಂಭವಾಗಿ 15 ನಿಮಿಷಕ್ಕೊಮ್ಮೆ ಏರುತ್ತಾ ಎರಡು ಗಂಟೆಯಲ್ಲಿ 500-1000 ಮುಟ್ಟಿದರೆ, ಸೋಲದೆ ಗೆಲ್ಲದೆ ಕುಳಿತವನ ಬಳಿ ಉಳಿಯುವುದು ಹತ್ತು ಬ್ಲೈಂಡ್. ಆಮೇಲೆ ಆಡುವುದು ಚಾತುರ್ಯವಲ್ಲ, ಅದೃಷ್ಟ. 20-25 ನಿಮಿಷದ ಹಂತಗಳಿರುವ ಟೂರ್ನಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಬಹುಮಾನ ಸಿಗುವುದು ಸಾಮಾನ್ಯವಾಗಿ ನೂರಕ್ಕೆ ಹತ್ತು ಹದಿನೈದು ಜನರಿಗೆ. ನಲವತ್ತು ಜನರಿದ್ದರೆ ನಾಲ್ಕರಿಂದ ಆರು ಮಂದಿಗೆ. ಮನೆಯಿಂದ ಕರೆ ಬಂತೆಂದು ನಡುವೆ ಎದ್ದು ಹೋದರೆ ಕಟ್ಟಿದ್ದೆಲ್ಲ ಹೋಯಿತು. ನಗದು ಆಟದಲ್ಲಿ ಆ ತೊಂದರೆ ಇಲ್ಲ.

ಕುರ್ಚಿ ಎಳೆಯುವ ಮೊದಲು

ಆಟ ಯಾವುದೆಂದು ನಿರ್ಧರಿಸಿದ ಮೇಲೂ ಟೇಬಲ್ ಯಾವುದು ಎಂಬ ಪ್ರಶ್ನೆ ಉಳಿಯುತ್ತದೆ. ಇದಕ್ಕೆ ನಾನು ಕೊಡುವ ತೂಕ ಉಳಿದೆಲ್ಲಕ್ಕಿಂತ ಹೆಚ್ಚು. ಕಾಯುವ ಪಟ್ಟಿಯಲ್ಲಿ ಹೆಸರು ಬರೆಸಿ ಮೊಬೈಲ್ ನೋಡುತ್ತಾ ನಿಲ್ಲುವ ಬದಲು ಹತ್ತು ಹಂಚಿಕೆಗಳನ್ನು ದೂರದಿಂದ ನೋಡಿ. ಫ್ಲಾಪ್‌ಗೆ ಎಷ್ಟು ಜನ ಉಳಿಯುತ್ತಿದ್ದಾರೆ? ಐದಾರು ಜನರಾದರೆ ಅದು ಸಡಿಲವಾದ ಟೇಬಲ್. ತಾಳ್ಮೆಯವನಿಗೆ ಲಾಭ ಅಲ್ಲಿದೆ. ಪ್ರತಿ ಸಲವೂ ಒಬ್ಬ ಏರಿಸಿ, ಒಬ್ಬ ಕಾಲ್ ಮಾಡಿ, ಉಳಿದವರು ಮೌನವಾಗಿ ಎಲೆ ಎಸೆಯುತ್ತಿದ್ದರೆ ಅಲ್ಲಿ ಕುಳಿತಿರುವವರೆಲ್ಲ ಕೆಲಸಕ್ಕೆ ಬಂದವರು. ನಗು ಕೇಳಿಸುವ ಟೇಬಲ್ಲು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡವರ ಟೇಬಲ್ಲಿಗಿಂತ ಬಹುತೇಕ ಯಾವಾಗಲೂ ಒಳ್ಳೆಯದು. ಸೋತವನೂ ನಗುತ್ತಿದ್ದರೆ ಇನ್ನೂ ಒಳ್ಳೆಯದು.

ಎದುರಿಗಿರುವ ಚಿಪ್ಸ್ ರಾಶಿಗಳನ್ನೂ ಅಳೆಯಿರಿ. ಕೂರುವಾಗ ತರಬಹುದಾದ ಮೊತ್ತದ, ಅಂದರೆ ಬೈ-ಇನ್‌ನ, ಮಿತಿ 200 ಇದ್ದು ಮೂವರ ಮುಂದೆ ಎಂಟುನೂರು, ಸಾವಿರ ಇದ್ದರೆ ಅದು ಬಹಳ ಹೊತ್ತಿನಿಂದ ಬಿಸಿಯಾಗಿರುವ ಟೇಬಲ್. ಪರಿಚಯಸ್ಥರಿಬ್ಬರು ಪಕ್ಕಪಕ್ಕ ಕುಳಿತು, ಪರಸ್ಪರ ಎದುರಾದಾಗ ಮಾತ್ರ ಪಣ ಏರಿಸದೆ ಎಲೆ ತೋರಿಸಿಕೊಳ್ಳುತ್ತಿದ್ದರೆ ಬೇರೆ ಟೇಬಲ್ ಕೇಳಿ. ಕೆಟ್ಟ ಉದ್ದೇಶವಿಲ್ಲದೆಯೂ ಸ್ನೇಹಿತರು ಹಾಗೆ ಆಡುತ್ತಾರೆ, ಆದರೆ ಅದರ ಬೆಲೆ ತೆರುವವನು ಮೂರನೆಯವನು.

ಕುರ್ಚಿ ಆರಿಸುವ ಅವಕಾಶ ಸಿಕ್ಕರೆ ಪದೇ ಪದೇ ಏರಿಸುವ ಗದ್ದಲಗಾರ ನಿಮ್ಮ ಬಲಕ್ಕಿರಲಿ. ಸರದಿ ಬಲದಿಂದ ಎಡಕ್ಕೆ ಸಾಗುವುದರಿಂದ ಅವನು ಮಾಡಿದ್ದನ್ನು ನೋಡಿಕೊಂಡು ನೀವು ಆಡಬಹುದು. ಅವನು ಎಡಕ್ಕಿದ್ದರೆ, ನೀವು ಅಗ್ಗದಲ್ಲಿ ಫ್ಲಾಪ್ ನೋಡೋಣ ಎಂದು 2 ಇಟ್ಟಾಗಲೆಲ್ಲ ಬೆನ್ನ ಹಿಂದಿನಿಂದ 15 ಬಂದು ಬೀಳುತ್ತದೆ.

ಒಮ್ಮೆ ಕುಳಿತ ಟೇಬಲ್ಲು ಕೊನೆಯವರೆಗೂ ಹಾಗೆಯೇ ಇರುವುದಿಲ್ಲ. ನಗುತ್ತಿದ್ದವರು ಒಬ್ಬೊಬ್ಬರಾಗಿ ಏಳುತ್ತಾರೆ, ಮೌನವಾಗಿದ್ದವರು ಉಳಿಯುತ್ತಾರೆ. ಒಂಬತ್ತು ಜನರಿದ್ದದ್ದು ಐದಾದಾಗ ಮೊದಲಿನ ಆ 120 ಐವರ ಮೇಲೆ ಬಿದ್ದು ತಲೆಗೆ ಗಂಟೆಗೆ 24 ಆಗುತ್ತದೆ. ಜನ ಕಡಿಮೆಯಾದಂತೆ ಹಂಚಿಕೆಯ ವೇಗ ಹೆಚ್ಚುವುದರಿಂದ ಇನ್ನಷ್ಟೇ ಆಗಬಹುದು. ಜನ ಕಡಿಮೆಯಾದರೆ ರೇಕ್ ಇಳಿಸುವ ನಿಯಮ ಹಲವು ಕಡೆ ಇದೆ, ಆದರೆ ಕೇಳಿದ ಮೇಲೆಯೇ ಇಳಿಸುವುದುಂಟು. ಡೀಲರ್‌ನನ್ನು ಕೇಳಿ, ಅವನು ಮೇಲ್ವಿಚಾರಕರನ್ನು ಕರೆಯುತ್ತಾನೆ. ಇಳಿಸುವುದಿಲ್ಲ ಎಂದರೆ ಆ ಸುತ್ತು ಮುಗಿಯುವವರೆಗೆ, ದೊಡ್ಡ ಬ್ಲೈಂಡ್ ನಿಮ್ಮ ಬಳಿ ಮತ್ತೆ ಬರುವ ಮುನ್ನದ ಕೈಯವರೆಗೆ ಆಡಿ, ಚಿಪ್ಸ್ ಪೆಟ್ಟಿಗೆ ತರಿಸಿಕೊಂಡು ಏಳಿ.